ಗೇರ್ ಸರಿಯಾಗಿ ಬೀಳುತ್ತಿಲ್ಲವೇ? ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ರೋಡ್ ಬೈಕಿನ ಗೇರ್ ಕೈಕೊಟ್ಟ ಕೂಡಲೇ ಹೆಚ್ಚಿನವರು ಸ್ಕ್ರೂಡ್ರೈವರ್ ಹಿಡಿದು ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಮುಂದೆ ಕೂರುತ್ತಾರೆ. ಅಲ್ಲಿ ಕಾಣುವ ಸಣ್ಣ ಸ್ಕ್ರೂಗಳನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎರಡು ಗೇರಿನಲ್ಲಿದ್ದ ತೊಂದರೆ ಎಲ್ಲ ಗೇರಿಗೂ ಹಬ್ಬಿರುತ್ತದೆ. ಯಾವ ಸ್ಕ್ರೂ ಮೊದಲು ಎಲ್ಲಿತ್ತು ಅನ್ನೋದೂ ನೆನಪಿರುವುದಿಲ್ಲ.

ಆ ಸ್ಕ್ರೂಗಳು ತಾವಾಗಿಯೇ ತಿರುಗುವುದು ಬಹಳ ಅಪರೂಪ. ಹೋದ ವಾರ ಚೆನ್ನಾಗಿದ್ದ ಗೇರ್ ಈ ವಾರ ಕೆಟ್ಟಿದೆ ಅಂದರೆ ಬದಲಾಗಿರುವುದು ಬೇರೆ ಏನೋ. ಕೇಬಲ್ ಇರಬಹುದು, ಡಿರೇಲರ್ ತೂಗುವ ಹ್ಯಾಂಗರ್ ಇರಬಹುದು, ಸವೆದ ಚೈನ್ ಇರಬಹುದು, ಇಲ್ಲವೇ ಹಿಂದಿನ ಚಕ್ರ ಸರಿಯಾಗಿ ಕೂತಿಲ್ಲದಿರಬಹುದು. ಇವುಗಳಲ್ಲಿ ಯಾವುದು ಅಂತ ಗೇರ್ ಕೆಡುವ ರೀತಿಯೇ ಹೇಳುತ್ತದೆ. ಅದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಹಿಂದಿನ ಡಿರೇಲರ್ ಒಳಗೆ ಒಂದು ಸ್ಪ್ರಿಂಗ್ ಇದೆ. ಅದು ಯಾವಾಗಲೂ ಚೈನನ್ನು ಹೊರಗಡೆಗೆ, ಅಂದರೆ ಅತಿ ಸಣ್ಣ ಕಾಗ್ (ಹಿಂದಿನ ಚಕ್ರದ ಹಲ್ಲಿನ ಗಾಲಿ) ಕಡೆಗೆ ತಳ್ಳುತ್ತಿರುತ್ತದೆ. ಕೇಬಲ್ ಅದಕ್ಕೆ ವಿರುದ್ಧವಾಗಿ ಒಳಗಡೆಗೆ, ದೊಡ್ಡ ಕಾಗ್ ಕಡೆಗೆ ಎಳೆಯುತ್ತದೆ. ನೀವು ಹ್ಯಾಂಡಲಿನ ಲಿವರ್ ಒತ್ತಿದಾಗ ಶಿಫ್ಟರ್, ಅಂದರೆ ಗೇರ್ ಬದಲಿಸುವ ಸಾಧನ, ಒಂದು ಕ್ಲಿಕ್ಕಿಗೆ ಲೆಕ್ಕ ಹಾಕಿದಷ್ಟೇ ಕೇಬಲ್ ಎಳೆಯುತ್ತದೆ. ಸಣ್ಣ ಕಾಗ್‌ಗೆ ಬರುವಾಗ ಶಿಫ್ಟರ್ ಕೇಬಲನ್ನು ಅಷ್ಟೇ ಸಡಿಲ ಬಿಡುತ್ತದೆ, ಉಳಿದ ಕೆಲಸವೆಲ್ಲ ಸ್ಪ್ರಿಂಗಿನದು. ದೊಡ್ಡ ಕಾಗ್‌ಗೆ ಏರುವಾಗ ನಿಮ್ಮ ಬೆರಳಿನ ಬಲ ಇದೆ. ಸಣ್ಣದಕ್ಕೆ ಇಳಿಯುವಾಗ ಆ ಸಣ್ಣ ಸ್ಪ್ರಿಂಗಿನ ಬಲ ಮಾತ್ರ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಒಂದೊಂದು ಕ್ಲಿಕ್ಕಿಗೆ ಇಷ್ಟೇ ಕೇಬಲ್ ಅನ್ನುವ ಈ ಪದ್ಧತಿಯನ್ನು ಜಪಾನಿನ ಸೈಕಲ್ ಬಿಡಿಭಾಗ ಕಂಪನಿ ಶಿಮಾನೊ 1984ರಲ್ಲಿ ತನ್ನ ಡ್ಯೂರಾ-ಏಸ್ ಗೇರ್ ಸೆಟ್ಟಿನಲ್ಲಿ ತಂದಿತು. ಅದಕ್ಕೆ ಮೊದಲು ಸವಾರನೇ ಲಿವರನ್ನು ಅಂದಾಜಿನಲ್ಲಿ ಸರಿಸಿ ಗೇರ್ ಕೂರಿಸಿಕೊಳ್ಳಬೇಕಿತ್ತು. ಹಾಗಾಗಿ ಕೇಬಲ್ ಸ್ವಲ್ಪ ಸಡಿಲವಾದರೂ ಕೈಯೇ ಅದನ್ನು ಸರಿದೂಗಿಸುತ್ತಿತ್ತು. ಈಗ ಆ ಅವಕಾಶ ಇಲ್ಲ. ಅದರ ಮೇಲೆ ಕಾಗ್‌ಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ನಡುವಿನ ಜಾಗವೂ ಕಡಿಮೆಯಾಗುತ್ತಾ ಬಂದಿದೆ. 8 ಸ್ಪೀಡಿನಲ್ಲಿ, ಅಂದರೆ ಹಿಂದೆ 8 ಕಾಗ್ ಇರುವ ಬೈಕಿನಲ್ಲಿ, ಒಂದು ಕಾಗ್‌ನಿಂದ ಇನ್ನೊಂದಕ್ಕೆ ಸುಮಾರು 4.8 ಮಿ.ಮೀ. ಇತ್ತು. 10 ಸ್ಪೀಡಿಗೆ ಬಂದಾಗ ಸುಮಾರು 3.95, 11 ಸ್ಪೀಡಿನಲ್ಲಿ ಸುಮಾರು 3.7. ಹಳೆಯ ಬೈಕ್ ಸಹಿಸಿಕೊಳ್ಳುತ್ತಿದ್ದ ಅರ್ಧ ಮಿಲಿಮೀಟರ್ ತಪ್ಪನ್ನು ಹೊಸ ಬೈಕ್ ಸಹಿಸಿಕೊಳ್ಳುವುದಿಲ್ಲ. ಗೇರ್ ಜಾಸ್ತಿ ಇದ್ದಷ್ಟೂ ಸಣ್ಣ ದೋಷವೂ ದೊಡ್ಡದಾಗಿ ಕಾಣುವುದು ಇದಕ್ಕೇ.

ಪರೀಕ್ಷೆಗೆ ಬೈಕನ್ನು ಸ್ಟ್ಯಾಂಡಿಗೆ ಏರಿಸಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಯಾರಾದರೂ ಸೀಟು ಹಿಡಿದು ಹಿಂದಿನ ಚಕ್ರ ಎತ್ತಿದರೂ ಸಾಕು. ಅದಕ್ಕೂ ಮೊದಲು ಮಾಡುವ ಕೆಲಸ ಬಹಳ ಸುಲಭದ್ದು, ಅದಕ್ಕೇ ಎಲ್ಲರೂ ಬಿಟ್ಟುಬಿಡುತ್ತಾರೆ. ಬೈಕನ್ನು ನೆಲದ ಮೇಲೆ ನಿಲ್ಲಿಸಿ ಹಿಂದಿನ ಚಕ್ರದ ಆಕ್ಸಲ್ ಸಡಿಲಿಸಿ, ಚಕ್ರ ಫ್ರೇಮಿನ ಸೀಳಿನಲ್ಲಿ ಪೂರ್ತಿ ಕೂರುವಂತೆ ಮಾಡಿ ಮತ್ತೆ ಬಿಗಿ ಮಾಡಿ. ಪಂಕ್ಚರ್ ಹಾಕಿಸಿದ ಮೇಲೆ ಗೇರ್ ಕೆಟ್ಟಿತು ಅನ್ನುವವರ ತೊಂದರೆ ಎಷ್ಟೋ ಸಲ ಇಲ್ಲೇ ಮುಗಿಯುತ್ತದೆ. ಚಕ್ರ ಓರೆಯಾಗಿ ಕೂತರೆ ಕ್ಯಾಸೆಟ್ಟೂ (ಕಾಗ್‌ಗಳ ಗುಂಪು) ಓರೆಯಾಗುತ್ತದೆ, ಡಿರೇಲರ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗೇ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಕಾಗ್‌ಗಳು ಕಟಕಟ ಅಂತ ಅಲ್ಲಾಡಿದರೆ ಅವನ್ನು ಬಿಗಿ ಹಿಡಿಯುವ ಲಾಕ್‌ರಿಂಗ್ ಸಡಿಲ ಇದೆ ಅಥವಾ ಹಾಕಬೇಕಾದ ಸ್ಪೇಸರ್ (ಅಂತರ ತುಂಬುವ ತೆಳು ಬಳೆ) ಹಾಕಿಲ್ಲ. ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿ ಬೇಕು, ಅದು ಕೈಯಳತೆಗೆ ಅಂದುಕೊಳ್ಳುವುದಕ್ಕಿಂತ ಸಾಕಷ್ಟು ಜಾಸ್ತಿ. 11 ಸ್ಪೀಡಿನ ಹಬ್ಬಿಗೆ 10 ಸ್ಪೀಡ್ ಕ್ಯಾಸೆಟ್ ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕಾಗುತ್ತದೆ. ಅದು ಬಿಟ್ಟುಹೋದರೆ ಎಷ್ಟು ಬಿಗಿ ಮಾಡಿದರೂ ಕ್ಯಾಸೆಟ್ ಅಲ್ಲಾಡುತ್ತಲೇ ಇರುತ್ತದೆ.

ಇಷ್ಟು ಸರಿ ಇದ್ದರೆ ಪೆಡಲ್ ತಿರುಗಿಸುತ್ತಾ ಒಂದೊಂದೇ ಕ್ಲಿಕ್ ಹಾಕಿ. ಅತಿ ಸಣ್ಣ ಕಾಗ್‌ನಿಂದ ದೊಡ್ಡದರವರೆಗೆ ಏರಿ, ಮತ್ತೆ ಹಾಗೇ ಇಳಿದು ಬನ್ನಿ. ಏನನ್ನೂ ಸರಿ ಮಾಡಲು ಹೋಗಬೇಡಿ, ಬರೀ ನೋಡಿ. ಏರುವಾಗ ತಡವಾಗುತ್ತದೆಯೇ, ಇಳಿಯುವಾಗಲೇ, ಎರಡೂ ಕಡೆಯೇ? ಎಲ್ಲ ಕಾಗ್‌ಗಳಲ್ಲೂ ಇದೆಯೇ, ಒಂದು ತುದಿಯಲ್ಲಿ ಮಾತ್ರವೇ?

ಏರುವಾಗ ಮಾತ್ರ ತಡ, ಇಳಿಯುವಾಗ ಚುರುಕು ಅಂದರೆ ಕೇಬಲ್ ಸಡಿಲವಾಗಿದೆ. ಇದು ಎಲ್ಲಕ್ಕಿಂತ ಸುಲಭದ ಕೇಸು, ಹೊಸ ಕೇಬಲ್ ಹಾಕಿದ ಮೊದಲ ಕೆಲವು ಸವಾರಿಗಳಲ್ಲಿ ಸಹಜವೂ ಹೌದು. ಕೇಬಲ್ ಉದ್ದವಾಗಿದೆ ಅಂತ ಜನ ಹೇಳುತ್ತಾರೆ. ನಿಜದಲ್ಲಿ ಸ್ಟೀಲ್ ತಂತಿ ಹಾಗೆಲ್ಲ ಉದ್ದವಾಗುವುದಿಲ್ಲ, ಅದರ ಹೊರಗಿನ ಕೊಳವೆಗಳ, ಅಂದರೆ ಔಟರ್‌ಗಳ ತುದಿಗಳು ಮತ್ತು ಕ್ಯಾಪ್‌ಗಳು ತಮ್ಮ ಜಾಗದಲ್ಲಿ ಒತ್ತಿಕೊಂಡು ಕೂತಾಗ ಸ್ವಲ್ಪ ಸಡಿಲ ಹುಟ್ಟುತ್ತದೆ. ಡಿರೇಲರಿನಲ್ಲಿ ಕೇಬಲ್ ಒಳಹೋಗುವ ಕಡೆ ಇರುವ ಬ್ಯಾರೆಲ್ ಅಡ್ಜಸ್ಟರನ್ನು ಹಿಂದಿನಿಂದ ನೋಡುತ್ತಾ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು. ಹೊರಗೆ ಬಿಚ್ಚಿದಷ್ಟೂ ಕೇಬಲ್ ಬಿಗಿಯಾಗುತ್ತದೆ.

ಇಳಿಯುವಾಗ ಮಾತ್ರ ತಡ ಅಂದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೇಬಲ್ ಜಾಸ್ತಿ ಬಿಗಿ ಇದ್ದರೂ ಹೀಗಾಗುತ್ತದೆ, ಕೇಬಲ್ ಎಲ್ಲೋ ಸಿಕ್ಕಿಕೊಂಡು ಉಜ್ಜುತ್ತಿದ್ದರೂ ಹೀಗೇ ಆಗುತ್ತದೆ. ಬ್ಯಾರೆಲನ್ನು ಸ್ವಲ್ಪ ಸಡಿಲಿಸಿ ನೋಡಿ. ಇಳಿಯುವುದು ಸರಿಯಾಗಿ, ಏರುವುದೂ ಸರಿಯಾಗೇ ಉಳಿದರೆ ಕೆಲಸ ಮುಗಿಯಿತು. ಇಳಿಯುವುದನ್ನು ಸರಿ ಮಾಡಿದರೆ ಏರುವುದು ಕೆಡುತ್ತದೆ, ಏರುವುದನ್ನು ಸರಿ ಮಾಡಿದರೆ ಇಳಿಯುವುದು ಕೆಡುತ್ತದೆ, ನಡುವೆ ಎರಡೂ ಒಪ್ಪುವ ಜಾಗವೇ ಸಿಗುವುದಿಲ್ಲ ಅಂದರೆ ಅದು ಕೇಬಲಿನ ಉಜ್ಜಾಟ, ಬ್ಯಾರೆಲಿನಿಂದ ಅದಕ್ಕೆ ಪರಿಹಾರ ಇಲ್ಲ. ಜನ ಅತಿ ಹೆಚ್ಚು ಸಮಯ ಕಳೆದುಕೊಳ್ಳುವುದು ಈ ಒಂದು ಕಡೆ. ಬೆರಳಿಗೆ ಬಲ ಇದೆ, ಉಜ್ಜಾಟ ಇದ್ದರೂ ಕೇಬಲನ್ನು ಎಳೆದುಬಿಡುತ್ತದೆ. ವಾಪಸ್ ಎಳೆಯುವ ಸ್ಪ್ರಿಂಗಿಗೆ ಅಷ್ಟು ಬಲ ಇಲ್ಲ. ಆದ್ದರಿಂದ ಕೊಳೆ, ತುಕ್ಕು, ಮಡಿಕೆ ಏನೇ ಇದ್ದರೂ ಮೊದಲು ಗೊತ್ತಾಗುವುದು ಇಳಿಯುವಾಗ.

ತಪ್ಪು ಕೇಬಲಿನದೋ ಡಿರೇಲರಿನದೋ ಅಂತ ತಿಳಿಯಲು ಸುಲಭದ ದಾರಿ ಇದೆ. ಪೆಡಲ್ ತಿರುಗಿಸುತ್ತಾ ಚೈನನ್ನು ದೊಡ್ಡ ಕಾಗ್‌ಗೆ ತನ್ನಿ. ಆಮೇಲೆ ಪೆಡಲ್ ನಿಲ್ಲಿಸಿ, ಚಕ್ರ ತಿರುಗದಂತೆ ಹಿಡಿದು, ಶಿಫ್ಟರನ್ನು ಕೊನೆಯವರೆಗೆ ಸಡಿಲ ಬಿಡಿ. ಕೇಬಲ್ ಜೋತು ಬೀಳುತ್ತದೆ. ಫ್ರೇಮಿನ ಹೊರಗೆ ಕೇಬಲ್ ಹೋಗುವ ಬೈಕಾದರೆ ಈಗ ಔಟರ್ ತುಂಡುಗಳನ್ನು ಅವು ಕೂತಿರುವ ಸೀಳಿನಿಂದ ಹೊರಗೆ ತೆಗೆಯಬಹುದು. ಒಂದೊಂದನ್ನೂ ಬೆರಳಲ್ಲಿ ಹಿಂದೆ ಮುಂದೆ ಸರಿಸಿ. ಸರಾಗವಾಗಿ ಜಾರಬೇಕು. ಮರಳಿನ ಮೇಲೆ ಎಳೆದಂತೆ ಕರಕರ ಅನ್ನಿಸಿದರೆ ಅಪರಾಧಿ ಸಿಕ್ಕಿತು. ಡಿರೇಲರ್ ಹತ್ತಿರ ಅರ್ಧ ವೃತ್ತವಾಗಿ ಬಾಗುವ ಕೊನೆಯ ತುಂಡಿನಲ್ಲಿ ಮತ್ತು ಕೆಳಗೆ ಪೆಡಲ್ ತೋಳುಗಳ ಅಚ್ಚು ಇರುವ ಬಾಟಮ್ ಬ್ರಾಕೆಟ್ ಅಡಿಯಲ್ಲಿರುವ ಪ್ಲಾಸ್ಟಿಕ್ ಗೈಡಿನಲ್ಲಿ ಕೊಳೆ ಜಾಸ್ತಿ ಸೇರುತ್ತದೆ. ರಸ್ತೆಯ ನೀರು, ಬೆವರು, ಕುಡಿಯುವ ಬಾಟಲಿಯಿಂದ ಸೋರಿದ ಸಿಹಿ ನೀರು ಎಲ್ಲ ಹರಿದು ಬರುವುದು ಆ ಗೈಡಿಗೇ.

ಕೇಬಲ್ ಸರಾಗವಾಗಿ ಜಾರುತ್ತಿದ್ದರೆ ಡಿರೇಲರನ್ನು ಕೈಯಿಂದ ಒಳಗೆ ತಳ್ಳಿ ಬಿಡಿ. ಟಕ್ಕನೆ ಹೊರಗೆ ಬರಬೇಕು. ನಿಧಾನಕ್ಕೆ ಬಂದರೆ ಅದರ ಕೀಲುಗಳಲ್ಲಿ ಕೊಳೆ ಕಟ್ಟಿದೆ. ತೊಳೆದು, ಒಣಗಿಸಿ, ಒಂದೊಂದು ಕೀಲಿಗೂ ಒಂದು ಹನಿ ಎಣ್ಣೆ ಬಿಡಿ.

ಔಟರ್ ಕೆಟ್ಟಿದ್ದರೆ ಒಳಗೆ ಎಣ್ಣೆ ಸುರಿದು ದಿನ ದೂಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ದಿನ ಚೆನ್ನಾಗಿರುತ್ತದೆ, ಆಮೇಲೆ ಅದೇ ಎಣ್ಣೆ ಧೂಳು ಹಿಡಿದು ಮೊದಲಿಗಿಂತ ಕೆಟ್ಟದಾಗುತ್ತದೆ. ಒಳಗಿನ ಕೇಬಲ್, ಹೊರಗಿನ ಔಟರ್ ಎರಡನ್ನೂ ಒಟ್ಟಿಗೆ ಬದಲಿಸಿ. ಗೇರ್ ಔಟರನ್ನು ಕತ್ತರಿಸಿದಾಗ ತುದಿ ನೆಟ್ಟಗೆ, ಚಪ್ಪಟೆಯಾಗಿ ಇರಬೇಕು. ಒಳಗಿನ ಪ್ಲಾಸ್ಟಿಕ್ ಕೊಳವೆ ಕತ್ತರಿಸುವಾಗ ಒತ್ತಿಕೊಂಡು ಮುಚ್ಚಿಹೋಗಿರುತ್ತದೆ, ಅದನ್ನು ಚೂಪಾದ ಮೊಳೆಯಿಂದ ಮತ್ತೆ ಗುಂಡಗೆ ತೆರೆಯಿರಿ. ಹೊಸ ಕೇಬಲ್ ಹಾಕಿದರೂ ಗೇರ್ ಸರಿಹೋಗಲಿಲ್ಲ ಅನ್ನುವ ಎಷ್ಟೋ ಕಡೆ ಈ ಒಂದು ಹೆಜ್ಜೆ ಬಿಟ್ಟುಹೋಗಿರುತ್ತದೆ. ಇನ್ನೊಂದು ವಿಷಯ, ಇದು ಪ್ರಾಣದ ಪ್ರಶ್ನೆ: ಗೇರ್ ಔಟರ್ ಒಳಗಿನ ತಂತಿಗಳು ಉದ್ದಕ್ಕೆ ಸಾಲಾಗಿ ಇರುತ್ತವೆ, ಬ್ರೇಕ್ ಔಟರಿನಲ್ಲಿ ಸುರುಳಿಯಾಗಿ ಸುತ್ತಿರುತ್ತದೆ. ಗೇರ್ ಔಟರನ್ನು ಬ್ರೇಕಿಗೆ ಯಾವತ್ತೂ ಹಾಕಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಅದು ಒಡೆದು ಬಿಚ್ಚಿಕೊಳ್ಳಬಹುದು.

ಇನ್ನು ಬಹಳ ಜನರನ್ನು ಕಾಡುವ, ಕಣ್ಣಿಗೆ ಕಾಣದ ಒಂದು ದೋಷ. ಇವತ್ತು ಬ್ಯಾರೆಲ್ ತಿರುಗಿಸಿ ಸರಿ ಮಾಡಿದಿರಿ. ಎರಡು ದಿನಕ್ಕೆ ಮತ್ತೆ ಸಡಿಲ. ಮತ್ತೆ ತಿರುಗಿಸಿದಿರಿ, ಮತ್ತೆ ಸಡಿಲ. ಕೇಬಲ್ ಹೊಸದೇನಲ್ಲ. ಹೀಗಿದ್ದರೆ ತಕ್ಷಣ ಶಿಫ್ಟರ್ ಒಳಗೆ ನೋಡಿ. ಹ್ಯಾಂಡಲ್ ಟೇಪಿನ ಅಡಿಯಲ್ಲಿ ಕೇಬಲ್ ಹೋಗುವ ಶಿಫ್ಟರ್‌ಗಳಲ್ಲಿ ಕೇಬಲ್ ತನ್ನ ತಲೆಯ ಹತ್ತಿರವೇ ಬಹಳ ಚಿಕ್ಕ ತಿರುವಿನಲ್ಲಿ ಬಾಗುತ್ತದೆ. ಪ್ರತಿ ಕ್ಲಿಕ್ಕಿಗೂ ಅದೇ ಜಾಗ ಬಾಗಿ ಬಾಗಿ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಒಂದು ಎಳೆ ಕಡಿದಾಗಲೆಲ್ಲ ಉಳಿದವು ಸ್ವಲ್ಪ ಜಗ್ಗುತ್ತವೆ, ಗೇರ್ ಸ್ವಲ್ಪ ಸಡಿಲವಾಗುತ್ತದೆ. ಶಿಫ್ಟರನ್ನು ಅತಿ ಸಣ್ಣ ಕಾಗ್‌ನ ಸ್ಥಾನಕ್ಕೆ ತಂದು, ಲಿವರ್ ಒತ್ತಿ ಹಿಡಿದು, ಟಾರ್ಚ್ ಬಿಟ್ಟು ನೋಡಿ. ಬೇಕಾದರೆ ಡಿರೇಲರ್ ಕಡೆಯ ಬೋಲ್ಟ್ ಸಡಿಲಿಸಿ ಕೇಬಲನ್ನು ಹಿಂದಿನಿಂದ ತಳ್ಳಿದರೆ ತಲೆ ಹೊರಗೆ ಬರುತ್ತದೆ. ಚೆನ್ನಾಗಿರುವ ಕೇಬಲ್ ಅಲ್ಲಿ ನಯವಾಗಿ ಹೊಳೆಯುತ್ತಿರುತ್ತದೆ. ಕೆಟ್ಟದ್ದರಲ್ಲಿ ತಲೆಯಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಕೂದಲೆಳೆಯಂಥ ತಂತಿಗಳು ಕೆದರಿ ನಿಂತಿರುತ್ತವೆ, ಮುಟ್ಟಿದರೆ ಬೆರಳಿಗೆ ಚುಚ್ಚುತ್ತವೆ. ಒಂದೇ ಒಂದು ಎಳೆ ಕಡಿದಿದ್ದರೂ ಕೇಬಲ್ ಬದಲಿಸಿ. ಪೂರ್ತಿ ತುಂಡಾದರೆ ಚೈನ್ ಅತಿ ಸಣ್ಣ ಕಾಗ್‌ಗೆ ಬಂದು ನಿಲ್ಲುತ್ತದೆ, ಎದುರಿಗೆ ಎಂಥ ಏರು ಇದ್ದರೂ ಅದೇ ಗೇರಿನಲ್ಲಿ ತುಳಿಯಬೇಕು. ತಲೆಯ ತುಂಡು ಶಿಫ್ಟರ್ ಒಳಗೆ ಸಿಕ್ಕಿಕೊಂಡರೆ ತೆಗೆಯುವುದು ದೊಡ್ಡ ಗೋಳು.

ಶಿಫ್ಟರ್ ಲಿವರ್ ಒತ್ತಿದರೂ ಕ್ಲಿಕ್ಕೇ ಹಿಡಿಯುತ್ತಿಲ್ಲ, ಸುಮ್ನೆ ಹೋಗಿ ಬರುತ್ತಿದೆ ಅಂದರೆ ಅದು ಬೇರೆ ಕಥೆ. ಒಳಗಿನ ಹಳೆಯ ಗ್ರೀಸ್ ಗಟ್ಟಿಯಾಗಿ ಸಣ್ಣ ಕೊಕ್ಕೆಗಳು ಅಂಟಿಕೊಂಡಿವೆ. ಬಹಳ ದಿನ ನಿಂತ ಬೈಕುಗಳಲ್ಲಿ ಇದು ಮಾಮೂಲು. ತೆಳುವಾದ ಸ್ಪ್ರೇ ಎಣ್ಣೆಯನ್ನು ಒಳಗೆ ಧಾರಾಳವಾಗಿ ಬಿಟ್ಟು, ಲಿವರನ್ನು ಬಿಡದೆ ಒತ್ತುತ್ತಾ ಇದ್ದರೆ ಹೆಚ್ಚಿನ ಸಲ ಜೀವ ಬರುತ್ತದೆ. ಹೊಸ ಶಿಫ್ಟರ್ ಕೊಳ್ಳುವ ಮೊದಲು ಇದನ್ನು ಮಾಡಲೇಬೇಕು.

ಈಗ ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಅಲ್ಯೂಮಿನಿಯಂ ತುಂಡು ಇದು. ಬಿದ್ದಾಗ ಫ್ರೇಮ್ ಉಳಿಯಲಿ ಅಂತಲೇ ಇದನ್ನು ಮೆತ್ತಗೆ ಮಾಡಿರುತ್ತಾರೆ. ಬೈಕ್ ಬಲಗಡೆಗೆ ಬಿದ್ದರೆ ಸಾಕು, ನಿಂತಲ್ಲೇ ವಾಲಿ ಬಿದ್ದರೂ ಸಾಕು, ಹ್ಯಾಂಗರ್ ಒಳಕ್ಕೆ ಬಾಗಬಹುದು. ಸಣ್ಣ ಕಾಗ್‌ಗಳಲ್ಲಿ ಗೇರ್ ಚೆನ್ನಾಗಿದೆ, ದೊಡ್ಡ ಕಾಗ್‌ಗಳಿಗೆ ಹೋದಂತೆ ಕೆಡುತ್ತದೆ, ಅಥವಾ ಒಂದು ತುದಿಯಲ್ಲಿ ಹೊಂದಿಸಿದರೆ ಇನ್ನೊಂದು ತುದಿ ತಪ್ಪುತ್ತದೆ ಅಂದರೆ ಮೊದಲ ಅನುಮಾನ ಇದರ ಮೇಲೆ. ಬೈಕಿನ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ, ಡಿರೇಲರಿನಲ್ಲಿ ಚೈನ್ ಹಾದುಹೋಗುವ ಎರಡು ಸಣ್ಣ ಹಲ್ಲಿನ ಗಾಲಿಗಳನ್ನು, ಅಂದರೆ ಜಾಕಿ ವ್ಹೀಲ್‌ಗಳನ್ನು ನೋಡಿ. ಅವೆರಡೂ ಮೇಲಿನ ಕಾಗ್‌ನ ನೇರದಲ್ಲಿ ಒಂದೇ ಗೆರೆಯಲ್ಲಿ ಇರಬೇಕು. ಕೆಳಗಿನದು ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹ್ಯಾಂಗರ್ ಬಾಗಿದ ಬೈಕಿನಲ್ಲಿ ಏರು ಬಂತು ಅಂತ ಅತಿ ದೊಡ್ಡ ಕಾಗ್‌ಗೆ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು. ಆಗ ಡಿರೇಲರ್, ಕಡ್ಡಿಗಳು, ಕೆಲವೊಮ್ಮೆ ಫ್ರೇಮೂ ಒಟ್ಟಿಗೆ ಹಾಳಾಗುತ್ತವೆ, ಸವಾರ ಬೀಳುತ್ತಾನೆ. ಬಲಕ್ಕೆ ಬಿದ್ದ ಬೈಕನ್ನು ಮತ್ತೆ ಹತ್ತುವ ಮೊದಲು ಹಿಂದಿನಿಂದ ಒಮ್ಮೆ ನೋಡಿ. ಅನುಮಾನ ಇದ್ದರೆ ಮನೆ ಸೇರುವವರೆಗೆ ದೊಡ್ಡ ಕಾಗ್ ಮುಟ್ಟಬೇಡಿ. ಹ್ಯಾಂಗರ್ ನೇರ ಮಾಡಲು ಒಂದು ಗೇಜ್ ಇದೆ, ಡಿರೇಲರ್ ಬಿಚ್ಚಿ ಅದೇ ತೂತಿಗೆ ಸಿಕ್ಕಿಸಿ ರಿಮ್ಮಿನ ನಾಲ್ಕೂ ಕಡೆ ದೂರ ಅಳೆಯುತ್ತಾರೆ. ಕಣ್ಣಳತೆಯಲ್ಲಿ ಕೈಯಿಂದ ಬಗ್ಗಿಸುವುದಕ್ಕಿಂತ ಮೆಕ್ಯಾನಿಕ್ ಹತ್ತಿರ ಹೋಗುವುದು ಮೇಲು. ತುಂಬಾ ಬಾಗಿದ್ದರೆ ಹೊಸದೇ ಹಾಕಿ. ಪ್ರತಿ ಫ್ರೇಮಿಗೂ ಬೇರೆ ಬೇರೆ ಆಕಾರ ಇರುವುದರಿಂದ ನಿಮ್ಮ ಬೈಕಿನ ಹ್ಯಾಂಗರ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.

ಹ್ಯಾಂಗರ್ ನೇರ ಇದ್ದೂ ಇದೇ ಲಕ್ಷಣ ಕಂಡರೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಬೈಕಾದರೆ, ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. 10 ಸ್ಪೀಡಿನ ರೋಡ್ ಡಿರೇಲರಿಗೆ ಶಿಮಾನೊದ 11 ಸ್ಪೀಡ್ ಶಿಫ್ಟರ್ ಹಾಕಿದರೆ ಕೇಬಲ್ ಎಳೆತದ ಲೆಕ್ಕವೇ ಬೇರೆ. ಒಂದು ಕಾಗ್‌ಗೆ ಕಾಲು ಮಿಲಿಮೀಟರ್ ತಪ್ಪಿದರೂ ನಾಲ್ಕು ಕಾಗ್ ದಾಟುವಷ್ಟರಲ್ಲಿ ಒಂದು ಮಿಲಿಮೀಟರ್ ಆಗುತ್ತದೆ. ಅದನ್ನು ಯಾವ ಸ್ಕ್ರೂ ಕೂಡ ಸರಿಪಡಿಸಲಾರದು.

ಇದುವರೆಗೆ ಹೇಳಿದ್ದೆಲ್ಲ ಗೇರ್ ಬದಲಿಸುವಾಗಿನ ತೊಂದರೆ. ಗೇರ್ ಬದಲಿಸದೆ, ಜೋರಾಗಿ ತುಳಿದಾಗ ಚೈನ್ ಟಕ್ ಅಂತ ಜಾರುತ್ತದೆ ಅಂದರೆ ಅದು ಹೊಂದಾಣಿಕೆಯ ತಪ್ಪಲ್ಲ, ಸವೆತ. ಸಾಮಾನ್ಯವಾಗಿ ನೀವು ಜಾಸ್ತಿ ಬಳಸುವ ಎರಡು ಮೂರು ಕಾಗ್‌ಗಳಲ್ಲಿ ಮಾತ್ರ ಜಾರುತ್ತದೆ, ಹಳೆಯ ಕ್ಯಾಸೆಟ್ಟಿಗೆ ಹೊಸ ಚೈನ್ ಹಾಕಿದ ದಿನವೇ ಶುರುವಾಗುತ್ತದೆ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಅಂದರೆ 24 ಪಿನ್ ದೂರಕ್ಕೆ ಹೊಸ ಚೈನ್ 304.8 ಮಿ.ಮೀ. ಇರುತ್ತದೆ. 11, 12 ಸ್ಪೀಡಿನಲ್ಲಿ ಅದು 306.3 ತಲುಪಿದರೆ, ಅಂದರೆ ಅರ್ಧ ಶೇಕಡಾ ಹೆಚ್ಚಿದರೆ, ಬದಲಿಸಬೇಕು. 10 ಸ್ಪೀಡ್ ಮತ್ತು ಅದಕ್ಕಿಂತ ಹಳೆಯದಕ್ಕೆ 307 ದಾಟುವವರೆಗೆ ಕಾಯಬಹುದು. ಸ್ಟೀಲ್ ಸ್ಕೇಲ್ ಸಾಕು, ಗೇಜ್ ಇದ್ದರೆ ಇನ್ನೂ ಸುಲಭ. ಚೈನ್ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಕ್ಯಾಸೆಟ್ ಬಹಳ ಕಾಲ ಬಾಳುತ್ತದೆ, ದುಬಾರಿ ಭಾಗ ಅದೇ ಅಲ್ವಾ? ಜಾರುವುದು ಯಾವ ಕಾಗ್ ಅಂತ ಇಲ್ಲದೆ, ಲಯಬದ್ಧವಾಗಿ ಚೈನ್ ಒಂದು ಸುತ್ತು ಬಂದಾಗಲೆಲ್ಲ ಆಗುತ್ತಿದ್ದರೆ ಒಂದು ಕೊಂಡಿ ಬಿಗಿಯಾಗಿದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಕೆಳಗಿನ ಜಾಕಿ ವ್ಹೀಲನ್ನು ನೋಡಿ, ಆ ಕೊಂಡಿ ಬಂದಾಗ ಡಿರೇಲರ್ ಎಗರುತ್ತದೆ. ಆ ಕೊಂಡಿಯನ್ನು ಎರಡೂ ಕೈಯಿಂದ ಹಿಡಿದು ಅಡ್ಡಕ್ಕೆ ಮೆಲ್ಲಗೆ ಅಲುಗಿಸಿದರೆ ಬಿಡುತ್ತದೆ.

ಕೊನೆಗೆ ಸ್ಕ್ರೂಗಳಿಗೆ ಬರೋಣ. ಎಚ್ ಸ್ಕ್ರೂ ಡಿರೇಲರ್ ಸಣ್ಣ ಕಾಗ್ ದಾಟಿ ಹೊರಗೆ ಹೋಗದಂತೆ ತಡೆಯುತ್ತದೆ, ಎಲ್ ಸ್ಕ್ರೂ ದೊಡ್ಡ ಕಾಗ್ ದಾಟಿ ಕಡ್ಡಿಗೆ ಬೀಳದಂತೆ ತಡೆಯುತ್ತದೆ. ಇವು ಬೇಲಿಗಳು ಮಾತ್ರ, ನಡುವಿನ ಗೇರ್‌ಗಳಿಗೆ ಇವುಗಳಿಂದ ಏನೂ ಆಗುವುದಿಲ್ಲ. ಡಿರೇಲರ್, ಹ್ಯಾಂಗರ್, ಚಕ್ರ ಬದಲಿಸಿದಾಗ ಮಾತ್ರ ಇವನ್ನು ನೋಡಬೇಕು. ಮೂರನೆಯದು ಬಿ ಸ್ಕ್ರೂ, ಮೇಲಿನ ಜಾಕಿ ವ್ಹೀಲ್ ಮತ್ತು ಕಾಗ್ ನಡುವಿನ ಅಂತರಕ್ಕೆ. ಒಳಗೆ ತಿರುಗಿಸಿದರೆ ಅಂತರ ಹೆಚ್ಚುತ್ತದೆ. ಅತಿ ದೊಡ್ಡ ಕಾಗ್‌ನಲ್ಲಿ ಸುಮಾರು 5ರಿಂದ 6 ಮಿ.ಮೀ. ಇದ್ದರೆ ಹೆಚ್ಚಿನ ಬೈಕುಗಳಿಗೆ ಸರಿ, ನಿಖರ ಅಳತೆ ಆಯಾ ಡಿರೇಲರಿನ ಕೈಪಿಡಿಯಲ್ಲಿ ಇರುತ್ತದೆ. ಜಾಸ್ತಿ ದೂರ ಇದ್ದರೆ ಗೇರ್ ಮಂಕಾಗುತ್ತದೆ, ತೀರಾ ಹತ್ತಿರ ಇದ್ದರೆ ಗರಗರ ಸದ್ದು.

ಬ್ಯಾರೆಲನ್ನು ಕೊನೆಯದಾಗಿ ಹೊಂದಿಸಲು ಶಿಮಾನೊ ಹೇಳುವ ಒಂದು ಉಪಾಯ ನನಗೆ ತುಂಬಾ ಇಷ್ಟ. ಪೆಡಲ್ ತಿರುಗಿಸುತ್ತಾ, ಲಿವರನ್ನು ಅದರ ಸಡಿಲ ಮುಗಿಯುವವರೆಗೆ ಮಾತ್ರ ಒತ್ತಿ, ಕ್ಲಿಕ್ ಆಗಬಾರದು. ಆಗ ಚೈನ್ ಪಕ್ಕದ ದೊಡ್ಡ ಕಾಗ್‌ಗೆ ತಾಗಿ ಸದ್ದು ಮಾಡಬೇಕು. ಲಿವರ್ ಬಿಟ್ಟ ಕೂಡಲೇ ಸದ್ದು ನಿಲ್ಲಬೇಕು. ಒತ್ತಿದರೂ ಸದ್ದಿಲ್ಲ ಅಂದರೆ ಕೇಬಲ್ ಇನ್ನೂ ಸ್ವಲ್ಪ ಬಿಗಿ ಆಗಬೇಕು, ಬಿಟ್ಟರೂ ಸದ್ದು ಇದೆ ಅಂದರೆ ಸಡಿಲ ಮಾಡಬೇಕು.

ಮುಂದಿನ ಡಿರೇಲರ್ ಬಗ್ಗೆ ಎರಡು ಮಾತು ಸಾಕು. ಅದರ ಹೊರ ತಗಡು ಪೆಡಲ್ ಕಡೆಯ ದೊಡ್ಡ ಚೈನ್‌ರಿಂಗಿನ ಹಲ್ಲುಗಳಿಗಿಂತ 1ರಿಂದ 3 ಮಿ.ಮೀ. ಮೇಲೆ, ರಿಂಗಿಗೆ ಸಮಾನಾಂತರವಾಗಿ ಇರಬೇಕು. ಇದು ತಪ್ಪಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಚೈನ್ ಒಳಗೆ ಬೀಳುತ್ತಿದ್ದರೆ ಒಳಗಿನ ಮಿತಿ, ದೊಡ್ಡ ರಿಂಗಿಗೆ ಏರದಿದ್ದರೆ ಮೊದಲು ಕೇಬಲ್ ಬಿಗಿ ನೋಡಿ.

ಎಲೆಕ್ಟ್ರಾನಿಕ್ ಗೇರ್ ಇರುವವರಿಗೆ ಕೇಬಲಿನ ಕಾಟ ಇಲ್ಲ, ಹ್ಯಾಂಗರ್ ಮತ್ತು ಸವೆತದ ಕಾಟ ಇದ್ದೇ ಇದೆ. ಶಿಮಾನೊ ಡಿಐ2ನಲ್ಲಿ ಬ್ಯಾಟರಿ ಇಳಿದಾಗ ಮೊದಲು ಮುಂದಿನ ಡಿರೇಲರ್ ನಿಲ್ಲುತ್ತದೆ, ಆಮೇಲೆ ಹಿಂದಿನದು. ಮುಂದಿನದು ಇದ್ದಕ್ಕಿದ್ದಂತೆ ಸುಮ್ಮನಾದರೆ ಬಿಚ್ಚಲು ಹೋಗದೆ ಮೊದಲು ಚಾರ್ಜ್ ಮಾಡಿ.

ಸ್ಟ್ಯಾಂಡ್ ಮೇಲೆ ಸರಿಯಾದದ್ದು ರಸ್ತೆಯಲ್ಲೂ ಸರಿ ಇರುತ್ತದೆ ಅಂತೇನಿಲ್ಲ, ಭಾರ ಬಿದ್ದಾಗ ಫ್ರೇಮೂ ಚಕ್ರವೂ ಸ್ವಲ್ಪ ಬಾಗುತ್ತವೆ. ಆದ್ದರಿಂದ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಎಲ್ಲ ಗೇರ್‌ಗಳನ್ನೂ ಹಗುರವಾಗಿ ತುಳಿಯುತ್ತಾ ಒಮ್ಮೆ ಏರಿಸಿ, ಒಮ್ಮೆ ಇಳಿಸಿ. ಅತಿ ದೊಡ್ಡ ಕಾಗ್‌ಗೆ ಹೋಗುವಾಗ ಕಡ್ಡಿಗೆ ತಾಗುವ ಟಿಕ್ ಟಿಕ್ ಸದ್ದು ಬರುತ್ತದೆಯೇ ಅಂತ ಕಿವಿಗೊಟ್ಟು ಕೇಳಿ. ಬಂದರೆ ಕೂಡಲೇ ಒಂದು ಗೇರ್ ಇಳಿಸಿ, ಎಲ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ, ಮತ್ತೆ ಹೋಗಿ ನೋಡಿ.